ಕಾರಣ ಮೊದಲು ಗೊತ್ತಾಗಲಿ, ಪ್ಯಾಕೇಜ್ ಆಮೇಲೆ ನೋಡೋಣ

ಕೂದಲು ಉದುರುವುದು, ಬಂಗು, ಮುಖಕ್ಕೆ ಇಂಜೆಕ್ಷನ್, ಲೇಸರ್. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಇವೇ. ಬರೆದವರಲ್ಲಿ ಬಹಳ ಮಂದಿಗೆ ಎಷ್ಟು ಸಿಟ್ಟಿಂಗ್, ಎಷ್ಟು ದುಡ್ಡು, ಎಷ್ಟು ಡಿಸ್ಕೌಂಟ್ ಅನ್ನುವುದೆಲ್ಲ ಬಾಯಿಪಾಠವಾಗಿದೆ. ತಮಗೆ ಇರುವ ತೊಂದರೆಯ ಹೆಸರೇನು ಅಂತ ಮಾತ್ರ ಹೆಚ್ಚಿನವರು ಹೇಳಿಲ್ಲ. ಹಾಗಾಗಿ ಕೆಲವು ಉತ್ತರ ಸ್ವಲ್ಪ ಖಾರವಾಗಿವೆ, ಆ ಕೋಪ ನಿಮ್ಮ ಮೇಲಿನದಲ್ಲ. ಹೆಸರು ಬೇಡ ಎಂದವರ ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ 26 ವರ್ಷ, ಊರು ದಾವಣಗೆರೆ. ಕೆಲಸಕ್ಕೆ ಬೆಂಗಳೂರಿಗೆ ಬಂದು ಪಿ.ಜಿ.ಯಲ್ಲಿದ್ದೇನೆ. ಇಲ್ಲಿನ ಬೋರ್‌ವೆಲ್ ನೀರಿಗೆ ಕೂದಲು ಉದುರಲು ಶುರುವಾಯಿತು. ಹಣೆಯ ಎರಡೂ ಬದಿ ಹಿಂದಕ್ಕೆ ಹೋಗಿದೆ, ನೆತ್ತಿಯೂ ತೆಳ್ಳಗಾಗಿದೆ. ಒಂದು ಕ್ಲಿನಿಕ್‌ನಲ್ಲಿ 8 ಸಿಟ್ಟಿಂಗ್ ಪಿಆರ್‌ಪಿಗೆ 72 ಸಾವಿರ ಹೇಳಿದ್ದಾರೆ, ನನ್ನದೇ ರಕ್ತದ ಅಂಶವನ್ನು ನೆತ್ತಿಗೆ ಚುಚ್ಚುವುದಂತೆ. ಇವತ್ತೇ ಕಟ್ಟಿದರೆ 2 ಸಿಟ್ಟಿಂಗ್ ಫ್ರೀಯಂತೆ, ಇಎಂಐ ಕೂಡ ಇದೆ. ಅಪ್ಪನದೂ ಬೋಳು ತಲೆ. ಕಟ್ಟಲಾ ಡಾಕ್ಟ್ರೇ?

ಉತ್ತರ: ಕಟ್ಟಬೇಡಿ. ಕೊನೇ ಪಕ್ಷ ಇವತ್ತು ಕಟ್ಟಬೇಡಿ. ಇವತ್ತೇ ಬಂದರೆ ಎರಡು ಫ್ರೀ ಅನ್ನುವುದು ಆಷಾಢದ ಸೀರೆ ಸೇಲ್‌ಗೆ ಸರಿ, ಚಿಕಿತ್ಸೆಗೆ ಅಲ್ಲ.

ಮೊದಲು ನೀರಿನ ಕಥೆ ಮುಗಿಸೋಣ. ಬೆಂಗಳೂರಿಗೆ ಬಂದವರೆಲ್ಲ ಇಲ್ಲಿನ ನೀರನ್ನು ಬೈಯುತ್ತಾರೆ. ಗಡಸು ನೀರಿಗೆ ಕೂದಲು ಒರಟಾಗುತ್ತದೆ, ನೊರೆ ಸರಿಯಾಗಿ ಬರುವುದಿಲ್ಲ, ಬಾಚುವಾಗ ಮಧ್ಯಕ್ಕೇ ತುಂಡಾಗುತ್ತದೆ, ಅಷ್ಟು ನಿಜ. ಆದರೆ ಹಣೆಯ ಎರಡು ಮೂಲೆ ಮತ್ತು ನೆತ್ತಿಯನ್ನೇ ಹುಡುಕಿಕೊಂಡು ಹೋಗಿ ಬುಡದಿಂದ ಕೂದಲು ಸಣ್ಣ ಮಾಡುವುದು ನೀರಿನ ಕೆಲಸವಲ್ಲ. ಅದೇ ನೀರು ತಲೆಗೆಲ್ಲ ಬೀಳುತ್ತದೆ ಅಲ್ವಾ? ಮತ್ತೆ ಹಿಂದಲೆಯ ಕೂದಲು ಯಾಕೆ ಗಟ್ಟಿಯಾಗೇ ಇದೆ?

ನೀವು ಬರೆದಿರುವ ರೀತಿ ನೋಡಿದರೆ ಇದು ವಂಶದಿಂದ ಬಂದದ್ದು. ಟೆಸ್ಟೋಸ್ಟೆರಾನ್ ಹಾರ್ಮೋನಿನ ಒಂದು ಭಾಗ ನಮ್ಮ ದೇಹದಲ್ಲಿ ಡಿಎಚ್‌ಟಿ ಅನ್ನುವ ಇನ್ನೊಂದು ಹಾರ್ಮೋನಾಗಿ ಬದಲಾಗುತ್ತದೆ. ಕೆಲವರ ನೆತ್ತಿಯ ಕೂದಲಿನ ಬುಡಕ್ಕೆ ಈ ಡಿಎಚ್‌ಟಿ ಆಗಿಬರುವುದಿಲ್ಲ. ಒಂದು ಕೂದಲು ಉದುರಿ ಅದೇ ಜಾಗದಲ್ಲಿ ಇನ್ನೊಂದು ಬರುವಾಗ ಮೊದಲಿಗಿಂತ ತೆಳ್ಳಗೆ ಬರುತ್ತದೆ, ಅದರ ನಂತರದ್ದು ಇನ್ನೂ ತೆಳ್ಳಗೆ, ಕೊನೆಗೆ ಕೈಮೇಲಿನ ರೋಮದಷ್ಟೇ ಉಳಿಯುತ್ತದೆ. ಡರ್ಮೋಸ್ಕೋಪ್ ಅಂತ ಲೈಟ್ ಇರುವ ಒಂದು ಭೂತಗನ್ನಡಿ ಇದೆ. ಅದನ್ನು ನೆತ್ತಿಯ ಮೇಲಿಟ್ಟು ನೋಡಿದರೆ ಒಂದು ಕಾಸಿನಗಲ ಜಾಗದಲ್ಲೇ ದಪ್ಪ ಕೂದಲು, ತೆಳು ಕೂದಲು, ಇನ್ನೂ ತೆಳು ಕೂದಲು ಪಕ್ಕಪಕ್ಕದಲ್ಲಿ ನಿಂತಿರುವುದು ಕಾಣುತ್ತದೆ. ಕೆಲವೇ ನಿಮಿಷದ ಪರೀಕ್ಷೆ. ಆ ಕ್ಲಿನಿಕ್‌ನಲ್ಲಿ ಯಾರಾದರೂ ಇದನ್ನು ಮಾಡಿದರಾ, ಅಥವಾ ಕೌಂಟರಿನಲ್ಲಿ ಕೂತಿದ್ದ ಹುಡುಗಿಯೇ ಪ್ಯಾಕೇಜ್ ಹೇಳಿ ಮುಗಿಸಿದಳಾ?

ಈ ರೀತಿಯ ಬೋಳುತನಕ್ಕೆ ಗಟ್ಟಿ ಪುರಾವೆ ಇರುವ ಔಷಧಿ ಮುಖ್ಯವಾಗಿ ಎರಡು. ಮಿನಾಕ್ಸಿಡಿಲ್ ಮೊದಲು ಬಂದದ್ದು ಬಿಪಿ ಮಾತ್ರೆಯಾಗಿ. ನುಂಗಿದವರಿಗೆ ಮೈತುಂಬ ಕೂದಲು ಬರತೊಡಗಿತು, ಆಮೇಲೆ ಅದನ್ನೇ ತಲೆಗೆ ಹಚ್ಚುವ ದ್ರವ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಗಂಡಸರಿಗೆ ಸಾಮಾನ್ಯವಾಗಿ 5 ಪರ್ಸೆಂಟಿನದು, ದಿನಕ್ಕೆರಡು ಸಲ, ಒಂದೊಂದು ಎಂಎಲ್. ಕೂದಲಿಗಲ್ಲ, ಬುರುಡೆಯ ಚರ್ಮಕ್ಕೆ. ಶುರುಮಾಡಿದ ಮೊದಲ ಕೆಲವು ವಾರ ಇನ್ನೂ ಜಾಸ್ತಿ ಉದುರಬಹುದು, ಬಹಳ ಜನ ಇಲ್ಲೇ ಹೆದರಿ ಬಾಟಲಿ ಎಸೆಯುತ್ತಾರೆ. ಹಳೆ ಕೂದಲು ಜಾಗ ಖಾಲಿ ಮಾಡುತ್ತಿದೆ ಅಷ್ಟೇ, ಮುಂದುವರಿಸಿ. ನಾಲ್ಕರಿಂದ ಆರು ತಿಂಗಳು ಕಾಯದೆ ತೀರ್ಪು ಕೊಡಬೇಡಿ. ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ. ಪಿ.ಜಿ.ಯಲ್ಲಿ ಬೆಕ್ಕು ಸಾಕಿದ್ದರೆ ಹುಷಾರು, ತಮಾಷೆಯಲ್ಲ. ಬೆಕ್ಕಿಗೆ ಈ ದ್ರವ ವಿಷ, ನಿಮ್ಮ ದಿಂಬು ನೆಕ್ಕಿದರೂ ಅಪಾಯ.

ಎರಡನೆಯದು ಫಿನಾಸ್ಟರೈಡ್ 1 ಮಿ.ಗ್ರಾಂ ಮಾತ್ರೆ, 1997ರಿಂದ ಬಳಕೆಯಲ್ಲಿದೆ. ಡಿಎಚ್‌ಟಿ ತಯಾರಾಗುವುದನ್ನೇ ಇದು ತಗ್ಗಿಸುತ್ತದೆ. ಲೈಂಗಿಕ ಆಸಕ್ತಿ ಕಡಿಮೆಯಾಗುವ ಭಯ ಎಲ್ಲರಿಗೂ ಇರುತ್ತದೆ. ಕಂಪನಿಯ ಪರೀಕ್ಷೆಗಳಲ್ಲಿ ಅಂಥ ತೊಂದರೆ ಹೇಳಿದವರು 100ಕ್ಕೆ ಸುಮಾರು 4 ಜನ, ಔಷಧಿಯೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ 2 ಜನ ಹೇಳಿದರು. ಮನಸ್ಸು ಮಂಕಾಗುವುದೂ ಕೆಲವರಲ್ಲಿ ಕಂಡಿದೆ, ಹಾಗಾದರೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಈ ಮಾತ್ರೆ ತೆಗೆದುಕೊಳ್ಳುವಾಗ, ಬಿಟ್ಟ ಮೇಲೂ ಒಂದು ತಿಂಗಳು ರಕ್ತದಾನ ಮಾಡುವಂತಿಲ್ಲ. ಆ ರಕ್ತ ಗರ್ಭಿಣಿಗೆ ಹೋದರೆ ಹೊಟ್ಟೆಯಲ್ಲಿರುವ ಗಂಡು ಮಗುವಿಗೆ ತೊಂದರೆ. ಚೀಟಿ ಇಲ್ಲದೆ ಮೆಡಿಕಲ್ ಶಾಪ್‌ನಿಂದ ತಂದು ನುಂಗುವ ಮಾತ್ರೆ ಇದಲ್ಲ.

ಇನ್ನು ಪಿಆರ್‌ಪಿ. ನಿಮ್ಮದೇ ರಕ್ತ ಹತ್ತಿಪ್ಪತ್ತು ಎಂಎಲ್ ತೆಗೆದು, ಟ್ಯೂಬನ್ನು ಯಂತ್ರದಲ್ಲಿ ಗಿರಗಿರ ತಿರುಗಿಸುತ್ತಾರೆ. ಕೆಂಪು ಭಾಗ ತಳಕ್ಕೆ ಕೂರುತ್ತದೆ, ಮೇಲೆ ಹಳದಿ ನೀರು ನಿಲ್ಲುತ್ತದೆ. ಅದರಲ್ಲಿ ಪ್ಲೇಟ್‌ಲೆಟ್ ಜಾಸ್ತಿ ಇರುವ ಪಾಲನ್ನು ಎಳೆದುಕೊಂಡು ನೆತ್ತಿಗೆ ಸಣ್ಣ ಸಣ್ಣ ಚುಚ್ಚು ಕೊಡುತ್ತಾರೆ. ಮೋಸವೇನಲ್ಲ, ಕೆಲವರಿಗೆ ಕೂದಲು ಸ್ವಲ್ಪ ದಪ್ಪವಾಗುತ್ತದೆ. ಆದರೆ ತಯಾರಿಸುವ ಕ್ರಮ ಒಂದೊಂದು ಕಡೆ ಒಂದೊಂದು ಥರ, ಫಲಿತಾಂಶವೂ ಹಾಗೇ. ಸಾಮಾನ್ಯವಾಗಿ ತಿಂಗಳಿಗೊಂದರಂತೆ ಮೂರು ಸಲ ಮಾಡಿ ನೋಡುತ್ತಾರೆ. ಎಂಟಕ್ಕೆ ಒಟ್ಟಿಗೆ ದುಡ್ಡು ಕೇಳುವುದು ಯಾಕೆ? ನನ್ನ ಅಭಿಪ್ರಾಯದಲ್ಲಿ ಇದು ಔಷಧಿಯ ಜೊತೆಗೆ ಮಾಡಿಸಬಹುದಾದ್ದು, ಔಷಧಿಯ ಬದಲಿಗಲ್ಲ. ನುಣ್ಣಗೆ ಹೊಳೆಯುವ ಜಾಗಕ್ಕೆ ಚುಚ್ಚಿದರೆ ಏನೂ ಹುಟ್ಟುವುದಿಲ್ಲ. ಈಗ ಎಕ್ಸೊಸೋಮ್ ಅಂತ, ಜೀವಕೋಶಗಳು ಹೊರಬಿಡುವ ಸೂಕ್ಷ್ಮ ಕಣಗಳನ್ನು ಬಳಸುವ ಹೊಸದೊಂದು ಶುರುವಾಗಿದೆ, ಬೆಲೆ ಇನ್ನೂ ಮೇಲೆ. ಅಮೆರಿಕದ ಎಫ್‌ಡಿಎ ಅಂಥ ಒಂದು ಉತ್ಪನ್ನಕ್ಕೂ ಒಪ್ಪಿಗೆ ಕೊಟ್ಟಿಲ್ಲ. ಅದರ ತಂಟೆಗೆ ಹೋಗಬೇಡಿ.

ಪ್ರಶ್ನೆ: ಹೆರಿಗೆಯಾಗಿ ನಾಲ್ಕು ತಿಂಗಳಾಯಿತು. ತಲೆ ಬಾಚಿದರೆ ಹಿಡಿ ಹಿಡಿ ಕೂದಲು ಬರುತ್ತಿದೆ, ನೋಡಿ ಅಳುವೇ ಬರುತ್ತದೆ. ಪಾರ್ಲರ್‌ನವರು ಹೇರ್ ಸ್ಪಾ ಮಾಡಿಸಿ, ಬಯೋಟಿನ್ ಮಾತ್ರೆ ತಗೊಳ್ಳಿ ಅಂದರು. ಮಗುವಿಗೆ ಹಾಲು ಕುಡಿಸುತ್ತಿದ್ದೇನೆ.
— ಎಂ.ಆರ್., ಹಾಸನ

ಉತ್ತರ: ಅಳಬೇಡಿ ತಾಯಿ. ಈ ಪುಟದಲ್ಲಿ ದುಡ್ಡು ಖರ್ಚಿಲ್ಲದೆ ವಾಸಿಯಾಗುವ ತೊಂದರೆ ಅಂತ ಇದ್ದರೆ ಅದು ನಿಮ್ಮದು.

ಬಸುರಿಯಾಗಿದ್ದಾಗ ಉದುರಬೇಕಾದ ಕೂದಲು ಉದುರದೆ ನಿಂತಿರುತ್ತದೆ. ಆಗ ಎಲ್ಲರೂ ಜಡೆ ಎಷ್ಟು ಚೆನ್ನಾಗಿದೆ ಅಂತಾರೆ. ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ನಿಂತದ್ದೆಲ್ಲ ಒಟ್ಟಿಗೆ ಹೊರಡುತ್ತದೆ. ಡೆಂಗಿ, ಟೈಫಾಯ್ಡ್, ಕೋವಿಡ್ ಬಂದು ಹೋದ ಮೇಲೆ, ಊಟ ಬಿಟ್ಟು ತೂಕ ಇಳಿಸಿದ ಮೇಲೆ ಆಗುವುದೂ ಇದೇ. ಬುಡ ಸತ್ತಿಲ್ಲ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ಹಣೆಯ ಅಂಚಿನಲ್ಲಿ ಪುಟ್ಟ ಪುಟ್ಟ ಕೂದಲು ಎದ್ದು ನಿಂತು ಬಾಚಣಿಗೆಗೆ ಸಿಗದೆ ಕಾಟ ಕೊಡತೊಡಗಿದರೆ ಹೊಸದು ಬರುತ್ತಿದೆ ಅಂತ ಲೆಕ್ಕ. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಹಾಗಾಗಿ ಹಳೆ ಜಡೆ ಕಾಣಲು ತಡವಾಗುತ್ತದೆ.

ನನಗೆ ಚಿಂತೆ ಇರುವುದು ನಿಮ್ಮ ಊಟದ ಬಗ್ಗೆ. ಬಾಣಂತನದ ಪಥ್ಯ ಅಂತ ಸೊಪ್ಪು ಬೇಡ, ಬೇಳೆ ವಾಯು, ಹಣ್ಣು ಶೀತ ಅಂತ ಬಿಡಿಸಿದ್ದಾರಾ? ಹಿರಿಯರ ಮನಸ್ಸು ನೋಯಿಸದೆಯೇ ಇದನ್ನೆಲ್ಲ ಮೆಲ್ಲಗೆ ಮತ್ತೆ ಶುರುಮಾಡಿ. ಹೆರಿಗೆಯಲ್ಲಿ ರಕ್ತ ಹೋಗಿರುತ್ತದೆ, ಆಮೇಲೆ ಹೊಟ್ಟೆಗೂ ಇಲ್ಲದಿದ್ದರೆ ಕಬ್ಬಿಣದ ಅಂಶ ತಳ ಮುಟ್ಟುತ್ತದೆ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನಿನ ಲೆಕ್ಕ), ಥೈರಾಯ್ಡ್ ಒಂದು ಸಲ ಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಬಿಡಬೇಡಿ, ಕಾಫಿ ಜೊತೆ ಮಾತ್ರ ನುಂಗಬೇಡಿ.

ಬಯೋಟಿನ್ ಒಂದು ವಿಟಮಿನ್, ಅದರ ಕೊರತೆ ಬಹಳ ಅಪರೂಪ. ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ದೊಡ್ಡ ಡೋಸಿನ ಬಯೋಟಿನ್ ಥೈರಾಯ್ಡ್ ರಿಪೋರ್ಟನ್ನೇ ತಪ್ಪಾಗಿ ತೋರಿಸಬಲ್ಲದು, ಹೃದಯಾಘಾತ ಪತ್ತೆ ಮಾಡುವ ಟ್ರೋಪೊನಿನ್ ಪರೀಕ್ಷೆಯನ್ನೂ ಕೆಡಿಸಬಲ್ಲದು. ಹಾಲು ಕುಡಿಸುವಾಗ ಮಿನಾಕ್ಸಿಡಿಲ್ ಬೇಡ. ಸ್ಪಾ ಹಾಯಾಗಿರುತ್ತದೆ, ಮಗುವನ್ನು ಅಮ್ಮನ ಕೈಗೆ ಕೊಟ್ಟು ಒಂದು ಗಂಟೆ ಕೂತು ಬರುವುದಾದರೆ ಹೋಗಿ ಬನ್ನಿ. ಕೂದಲಿಗೇನೂ ಆಗುವುದಿಲ್ಲ.

ಪ್ರಶ್ನೆ: ಕೆನ್ನೆ ಮೇಲೆ ಬಂಗು ಬಂದಿತ್ತು. ಪಕ್ಕದ ಮನೆಯವರು ಹೇಳಿದ ಕ್ರೀಮನ್ನು ಮೆಡಿಕಲ್ ಶಾಪ್‌ನಿಂದ ತಂದು ಎರಡು ವರ್ಷ ಹಚ್ಚಿದೆ. ಮೊದಲು ಮುಖ ಬೆಳ್ಳಗೆ ನುಣ್ಣಗೆ ಆಯಿತು. ಈಗ ಎರಡು ದಿನ ಬಿಟ್ಟರೆ ಉರಿ, ಕೆಂಪು, ಗುಳ್ಳೆ. ಕೆನ್ನೆಯ ಮೇಲೆ ಸಣ್ಣ ಕೂದಲೂ ಬಂದಿದೆ. ಬಂಗು ಮೊದಲಿಗಿಂತ ಕಪ್ಪಾಗಿದೆ. ಲೇಸರ್ ಮಾಡಿಸಿದರೆ ಹೋಗುತ್ತದಾ? ವಯಸ್ಸು 38.
— ಹೆಸರು ಬೇಡ, ಗದಗ

ಉತ್ತರ: ಇಂಥ ಪತ್ರ ಪ್ರತಿ ಸಲವೂ ಬರುತ್ತದೆ, ಪ್ರತಿ ಸಲವೂ ಸಿಟ್ಟು ಬರುತ್ತದೆ. ಆ ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ಮೊಮೆಟಾಸೋನ್, ಕ್ಲೊಬೆಟಾಸಾಲ್, ಬೀಟಾಮೆಥಾಸೋನ್, ಫ್ಲುವೊಸಿನೊಲೋನ್ ಇವುಗಳಲ್ಲಿ ಒಂದು ಇದ್ದರೆ ಅದು ಸ್ಟೀರಾಯ್ಡ್. ಬಂಗಿಗೆ ಸ್ಟೀರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಬೆರೆಸಿದ ಕ್ರೀಮನ್ನು ನಾವೂ ಬರೆದುಕೊಡುತ್ತೇವೆ. ಆದರೆ ಕೆಲವು ವಾರಕ್ಕೆ ಮಾತ್ರ, ಅದೂ ಕರೆಸಿ ನೋಡುತ್ತಾ. ಎರಡು ವರ್ಷ ಹಚ್ಚಿದರೆ ಚರ್ಮ ಕಾಗದದಷ್ಟು ತೆಳ್ಳಗಾಗುತ್ತದೆ, ಕೆಂಪು ನರಗಳು ಎದ್ದು ಕಾಣುತ್ತವೆ, ಕೆನ್ನೆಗೆ ಕೂದಲು ಬರುತ್ತದೆ. ಬಿಟ್ಟರೆ ಉರಿಯುತ್ತದೆ ಅಂತ ಮತ್ತೆ ಹಚ್ಚುತ್ತೀರಿ, ಚಟದ ಹಾಗೇ ಅಂಟಿಕೊಳ್ಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹದಿನಾಲ್ಕು ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಆದೇಶ ಮಾಡಿತು. ಅಂಗಡಿಯಲ್ಲಿ ಏನಾಗುತ್ತಿದೆ ಅಂತ ನಿಮಗೇ ಗೊತ್ತಲ್ಲ.

ಸದ್ಯಕ್ಕೆ ಲೇಸರ್ ಹೆಸರೇ ಎತ್ತಬೇಡಿ. ಉರಿಯುತ್ತಿರುವ ಚರ್ಮದ ಮೇಲೆ ಲೇಸರ್, ಪೀಲ್ (ಆ್ಯಸಿಡ್ ಹಚ್ಚಿ ಚರ್ಮದ ಮೇಲ್ಪದರ ತೆಗೆಯುವುದು), ಬ್ಲೀಚ್ ಯಾವುದು ಬಿದ್ದರೂ ಇನ್ನಷ್ಟು ಕಪ್ಪಾಗುತ್ತದೆ. ನಮ್ಮ ಕಂದು ಚರ್ಮದ ಗುಣವೇ ಅದು, ಸುಟ್ಟರೂ ಕಪ್ಪು ಕಲೆ, ಕೆರೆದರೂ ಕಪ್ಪು ಕಲೆ. ಬಿಳಿ ಚರ್ಮದವರಿಗೆ ಹೊಂದುವ ಅಳತೆಯಲ್ಲಿ ಯಂತ್ರ ಓಡಿಸಿದರೆ ನಮಗೆ ಪೆಟ್ಟು ಬೀಳುವುದು ಇದಕ್ಕೇ.

ಮೊದಲ ಕೆಲಸ, ಟ್ಯೂಬ್ ಕೈಯಲ್ಲಿ ಹಿಡಿದುಕೊಂಡು ಚರ್ಮ ವೈದ್ಯರ ಹತ್ತಿರ ಹೋಗುವುದು. ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ನಿಮಗೆ ದೂರವಿಲ್ಲ. ಎಷ್ಟು ಬಲದ ಸ್ಟೀರಾಯ್ಡ್ ಅಂತ ನೋಡಿ, ಒಮ್ಮೆಲೇ ಬಿಡಬೇಕಾ ಮೆಲ್ಲಗೆ ಇಳಿಸಬೇಕಾ ಅಂತ ಅವರು ಹೇಳುತ್ತಾರೆ. ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಮುಖ ಕಷ್ಟ ಕೊಡುತ್ತದೆ. ಹಲ್ಲು ಕಚ್ಚಿ ತಡೆದುಕೊಳ್ಳಿ. ಸಾಬೂನು, ಕಡಲೆಹಿಟ್ಟು, ನಿಂಬೆಹಣ್ಣು ಎಲ್ಲ ಬಿಟ್ಟು ಸಾದಾ ಮಾಯಿಶ್ಚರೈಸರ್ ಹಚ್ಚಿ.

ಎರಡನೇ ಕೆಲಸ ಬಿಸಿಲು. ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್, ಎರಡು ಬೆರಳುದ್ದ ಹಿಂಡಿ ಮುಖ ಕತ್ತಿಗೆ ಹಚ್ಚಬೇಕು. ಬಟಾಣಿಯಷ್ಟು ಹಚ್ಚಿ ಕೆಲಸ ಮಾಡಲಿಲ್ಲ ಅಂದರೆ ಆಗುವುದಿಲ್ಲ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ. ಅದನ್ನು ತಡೆಯಲು ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ಒಳ್ಳೆಯದು. ಹೊಲಕ್ಕೆ, ಸಂತೆಗೆ ಹೋಗುವಾಗ ಛತ್ರಿ ಅಥವಾ ಸೆರಗು ಇದ್ದೇ ಇರಲಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ, ಅದರಿಂದಲೂ ಬಂಗು ಏರುತ್ತದೆ. ಅವರು ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ಬರೆಯಬಹುದು. ಕಾಲಿನಲ್ಲಿ ಅಥವಾ ಎದೆಯಲ್ಲಿ ರಕ್ತ ಹೆಪ್ಪುಗಟ್ಟಿದ ಹಿಂದಿನ ಕಥೆ ಏನಾದರೂ ಇದ್ದರೆ ಮುಚ್ಚಿಡಬೇಡಿ, ಅಂಥವರಿಗೆ ಅದು ಆಗುವುದಿಲ್ಲ.

ಬಂಗು ತಿಳಿಯಾಗುತ್ತದೆ, ಹತೋಟಿಗೆ ಬರುತ್ತದೆ. ಬಿಸಿಲಿಗೆ ಮತ್ತೆ ಮರಳುವ ಸ್ವಭಾವವೂ ಅದಕ್ಕಿದೆ, ಲೇಸರ್ ಮಾಡಿಸಿದವರಿಗೂ ಮರಳುತ್ತದೆ. ಬುಡಸಮೇತ ತೆಗೆಯುತ್ತೇವೆ ಅಂತ ಯಾರಾದರೂ ಹೇಳಿದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ಪ್ರಶ್ನೆ: ತಂಗಿಯ ಮದುವೆ ಎರಡು ತಿಂಗಳಿದೆ. ಅವಳು ಸ್ವಲ್ಪ ಕಪ್ಪು. ಗ್ಲುಟಥಯೋನ್ ಡ್ರಿಪ್ ಹಾಕಿಸಿದರೆ ಫೋಟೋದಲ್ಲಿ ಬೆಳ್ಳಗೆ ಕಾಣುತ್ತಾಳೆ ಅಂತಾರೆ. ಸೇಫಾ?
— ಮಂಡ್ಯದ ಅಕ್ಕ

ಉತ್ತರ: ಅಲ್ಲ. ಬಣ್ಣ ಬಿಳಿ ಮಾಡಲು ಈ ಇಂಜೆಕ್ಷನ್‌ಗೆ ನಮ್ಮ ದೇಶದಲ್ಲಿ ಒಪ್ಪಿಗೆಯೇ ಇಲ್ಲ. ಅಲರ್ಜಿಯಾಗಿ ಉಸಿರು ಕಟ್ಟಬಹುದು, ಲಿವರ್ ಕಿಡ್ನಿಗೆ ಏಟಾಗಬಹುದು. ಬೆಳ್ಳಗಾದರೂ ಡ್ರಿಪ್ ನಿಂತ ಮೇಲೆ ಉಳಿಯುವ ಭರವಸೆ ಇಲ್ಲ.

ಡ್ರಿಪ್ ಬೇಡ ಅಂದ ತಕ್ಷಣ ಆನ್‌ಲೈನ್‌ನಲ್ಲಿ ಸಿಗುವ ಹೆಸರಿಲ್ಲದ ಫೇರ್‌ನೆಸ್ ಕ್ರೀಮಿಗೆ ಕೈ ಹಾಕಬೇಡಿ. ಕೇರಳದ ಮಲಪ್ಪುರಂ ಕಡೆ 2023ರಲ್ಲಿ ಕಿಡ್ನಿಯಿಂದ ಪ್ರೋಟೀನ್ ಸೋರುವ ಕಾಯಿಲೆ ಬಂದ ಕೆಲವರನ್ನು ವೈದ್ಯರು ಒಟ್ಟಿಗಿಟ್ಟು ನೋಡಿದಾಗ, ಹೆಚ್ಚಿನವರು ಅಂಥ ಕ್ರೀಮು ಹಚ್ಚುತ್ತಿದ್ದರು. ಅದರಲ್ಲಿ ಇದ್ದದ್ದು ಪಾದರಸ. ಚರ್ಮದ ಮೂಲಕವೇ ಒಳಗೆ ಇಳಿದಿತ್ತು.

ಎರಡು ತಿಂಗಳಲ್ಲಿ ಮಾಡಬಹುದಾದ್ದು ಬೇಕಾದಷ್ಟಿದೆ. ದಿನಾ ಸನ್‌ಸ್ಕ್ರೀನ್, ಮಾಯಿಶ್ಚರೈಸರ್. ಮೊಡವೆ ಇದ್ದರೆ ಈಗಲೇ ಚಿಕಿತ್ಸೆ ಶುರು. ತೆಳುವಾದ ಗ್ಲೈಕಾಲಿಕ್ ಅಥವಾ ಲ್ಯಾಕ್ಟಿಕ್ ಪೀಲ್ ಬೇಕೇ ಬೇಕು ಅಂದರೆ ಚರ್ಮ ವೈದ್ಯರಲ್ಲಿ ಮೊದಲ ತಿಂಗಳೇ ಮುಗಿಸಿ. ಮದುವೆಗೆ ಎರಡು ವಾರ ಇರುವಾಗ ಮುಖಕ್ಕೆ ಹೊಸದೇನನ್ನೂ ಹಚ್ಚಬೇಡಿ, ಬ್ಲೀಚ್ ಕೂಡ. ಆರತಕ್ಷತೆ ದಿನ ಮುಖ ಸಿಪ್ಪೆ ಏಳುತ್ತಿದ್ದರೆ ಯಾವ ಮೇಕಪ್ಪೂ ನಿಲ್ಲುವುದಿಲ್ಲ. ಅಂದಹಾಗೆ, ತಂಗಿಗೆ ಇದು ಬೇಕಾಗಿದೆಯಾ ಅಂತ ನೀವು ಬರೆದೇ ಇಲ್ಲ.

ಪ್ರಶ್ನೆ: ಮಗಳಿಗೆ 15. ಕತ್ತಿನ ಹಿಂದೆ, ಕಂಕುಳಲ್ಲಿ ಕಪ್ಪಗೆ ದಪ್ಪ ಚರ್ಮ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಪೀಲಿಂಗ್ ಮಾಡಿಸಬಹುದಾ?

ಉತ್ತರ: ಉಜ್ಜುವುದನ್ನು ಇವತ್ತೇ ನಿಲ್ಲಿಸಿ, ಅದು ಕೊಳೆಯಲ್ಲ. ಪಾಪ, ಸ್ಕೂಲಿನಲ್ಲೂ ಸ್ನಾನ ಮಾಡಲ್ವಾ ಅಂತ ಕೇಳಿಸಿಕೊಂಡಿರುತ್ತಾಳೆ. ಹೆಚ್ಚಿನ ಮಕ್ಕಳಲ್ಲಿ ಇದು ದೇಹ ಇನ್ಸುಲಿನ್ ಮಾತು ಸರಿಯಾಗಿ ಕೇಳುತ್ತಿಲ್ಲ ಅನ್ನುವುದರ ಗುರುತು, ತೂಕ ಜಾಸ್ತಿ ಇರುವವರಲ್ಲಿ ಸಾಮಾನ್ಯ. ಮುಂದೆ ಶುಗರ್ ಬರುವ ಸಾಧ್ಯತೆ ಇದೆ ಅಂತ ಚರ್ಮ ಮೊದಲೇ ಹೇಳುತ್ತಿದೆ. ಶುಗರ್ ಪರೀಕ್ಷೆ ಮಾಡಿಸಿ. ಮುಟ್ಟು ಏರುಪೇರಾಗಿದ್ದರೆ ಸ್ತ್ರೀರೋಗ ತಜ್ಞರಿಗೂ ತೋರಿಸಿ. ಬೇಕರಿ ತಿಂಡಿ, ಜ್ಯೂಸ್ ಕಡಿಮೆಯಾಗಿ ಆಟ ಓಟ ಜಾಸ್ತಿಯಾಗಿ ತೂಕ ಇಳಿದರೆ ಕತ್ತು ತಿಳಿಯಾಗುತ್ತಾ ಬರುತ್ತದೆ. ಪೀಲಿಂಗ್‌ಗೆ ಈಗ ಖರ್ಚು ಮಾಡಬೇಡಿ.

ಪ್ರಶ್ನೆ: ವಯಸ್ಸು 47, ಬ್ಯಾಂಕಿನಲ್ಲಿದ್ದೇನೆ. ಹುಬ್ಬುಗಳ ನಡುವೆ ಗೆರೆ ಬಿದ್ದು ಯಾವಾಗಲೂ ಸಿಟ್ಟಿನಲ್ಲಿರುವ ಹಾಗೆ ಕಾಣುತ್ತೇನೆ. ಗ್ರಾಹಕರೇ ಹೇಳುತ್ತಾರೆ. ಬೊಟಾಕ್ಸ್, ಫಿಲ್ಲರ್ ಎರಡೂ ಒಂದೇನಾ? ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಅಂತ ಯಜಮಾನರು ನಗುತ್ತಾರೆ.
— ವಿ.ಎಸ್., ಮೈಸೂರು

ಉತ್ತರ: ಯಜಮಾನರು ತಲೆಗೆ ಡೈ ಹಾಕುತ್ತಾರಾ? ಹಾಕಿದರೆ ಅವರಿಗೆ ನಗುವ ಹಕ್ಕಿಲ್ಲ.

ಎರಡೂ ಒಂದಲ್ಲ. ಬೊಟಾಕ್ಸ್ ಅಂದರೆ ಬೊಟುಲಿನಮ್ ಟಾಕ್ಸಿನ್, ಸ್ನಾಯುವಿಗೆ ತಾತ್ಕಾಲಿಕ ವಿಶ್ರಾಂತಿ ಕೊಡುತ್ತದೆ. ಮೊದಲು ಬಳಸಿದ್ದು ಮೆಳ್ಳೆಗಣ್ಣಿಗೆ, ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವ ಕಾಯಿಲೆಗೆ. ಕೆನಡಾದ ವ್ಯಾಂಕೂವರ್‌ನಲ್ಲಿ ಜೀನ್ ಕಾರುದರ್ಸ್ ಅನ್ನುವ ಕಣ್ಣಿನ ವೈದ್ಯೆ ಹೀಗೆ ರೆಪ್ಪೆಗೆ ಚುಚ್ಚುತ್ತಿದ್ದಾಗ ರೋಗಿಗಳ ಹುಬ್ಬಿನ ಗಂಟೂ ಸಡಿಲವಾಗಿದ್ದನ್ನು ಗಮನಿಸಿದರು. ಗಂಡ ಅಲೆಸ್ಟೇರ್ ಚರ್ಮ ವೈದ್ಯ. ಇಬ್ಬರೂ ಸೇರಿ ಅದನ್ನು ಸುಕ್ಕಿಗೆ ಬಳಸಿ ನೋಡಿ 1992ರಲ್ಲಿ ಬರೆದರು, 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಒಪ್ಪಿಗೆ ಸಿಕ್ಕಿದ್ದು ನಿಮಗಿರುವ ಇದೇ ಗೆರೆಗೆ. ಹಾಗಾಗಿ ನಿಮ್ಮ ತೊಂದರೆಗೆ ಇದು ಸರಿಯಾದ ಮದ್ದೇ. ಚುಚ್ಚಿದ ಮೂರು ನಾಲ್ಕು ದಿನಕ್ಕೆ ಗೊತ್ತಾಗುತ್ತದೆ, ಎರಡು ವಾರಕ್ಕೆ ಪೂರ್ತಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಆಮೇಲೆ ಮುಖ ಮೊದಲಿದ್ದಲ್ಲಿಗೆ ಬರುತ್ತದೆ, ಇನ್ನೂ ಕೆಡುವುದಿಲ್ಲ. ಕೆಲವೊಮ್ಮೆ ರೆಪ್ಪೆ ಸ್ವಲ್ಪ ಜೋಲಬಹುದು, ಕೆಲವು ವಾರಕ್ಕೆ ಸರಿಹೋಗುತ್ತದೆ. ಮಯಸ್ತೀನಿಯಾದಂಥ ನರ ಸ್ನಾಯುವಿನ ಕಾಯಿಲೆ ಇದ್ದವರಿಗೆ, ಗರ್ಭಿಣಿಯರಿಗೆ ಬೇಡ.

ಫಿಲ್ಲರ್ ಬೇರೆ. ಅದು ಹೈಯಲುರಾನಿಕ್ ಆ್ಯಸಿಡ್ ಅನ್ನುವ ಜೆಲ್, ತಗ್ಗಾದ ಜಾಗ ತುಂಬಲು. ಚೆನ್ನಾಗಿ ಮಾಡಿದರೆ ಚೆನ್ನಾಗಿರುತ್ತದೆ. ಆದರೆ ಸೂಜಿ ರಕ್ತನಾಳದೊಳಗೆ ಹೋಗಿ ಜೆಲ್ ಅಲ್ಲಿ ಕೂತರೆ ಆ ಜಾಗದ ಚರ್ಮ ಸಾಯುತ್ತದೆ, ಕಣ್ಣಿನ ನಾಳಕ್ಕೆ ಹೋದರೆ ದೃಷ್ಟಿಯೇ ಹೋಗಬಹುದು. ಹುಬ್ಬಿನ ನಡುವೆ ಮತ್ತು ಮೂಗಿನ ಮೇಲೆ ಈ ಅಪಾಯ ಜಾಸ್ತಿ. ನಿಮ್ಮ ಗೆರೆಗೆ ಫಿಲ್ಲರ್ ತುಂಬೋಣ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಬೇರೆ ಕಡೆಗೆ ಮಾಡಿಸುವುದಾದರೂ ಒಂದೇ ಪ್ರಶ್ನೆ ಕೇಳಿ: ಹೈಯಲುರೊನಿಡೇಸ್ ಫ್ರಿಜ್‌ನಲ್ಲಿ ಇದೆಯಾ? ಜೆಲ್ ಕರಗಿಸುವ ಮದ್ದು ಅದು, ನಿಮಿಷ ಲೆಕ್ಕದಲ್ಲಿ ಬೇಕಾಗುತ್ತದೆ. ಮುಖ ಬಿಳಿಚಿ ವಿಪರೀತ ನೋವು ಬಂದರೆ, ಬಲೆಯ ಹಾಗೆ ನೀಲಿ ಗುರುತು ಬಂದರೆ ನಾಳೆ ನೋಡೋಣ ಅನ್ನಬೇಡಿ.

ಬೊಟಾಕ್ಸ್‌ಗೆ ದುಡ್ಡು ಹಾಕುವ ಮೊದಲು ಆರು ತಿಂಗಳು ಬೆಳಿಗ್ಗೆ ಸನ್‌ಸ್ಕ್ರೀನ್, ರಾತ್ರಿ ವೈದ್ಯರು ಬರೆದ ಟ್ರೆಟಿನಾಯಿನ್ ಹಚ್ಚಿ ನೋಡಿ. ಆಳದ ಗೆರೆ ಹೋಗುವುದಿಲ್ಲ, ಸಣ್ಣ ಸುಕ್ಕು, ಒರಟು, ಕಲೆ ಕಡಿಮೆಯಾಗುತ್ತವೆ. ಕನ್ನಡಕದ ನಂಬರೂ ಒಮ್ಮೆ ನೋಡಿಸಿ. ಕಂಪ್ಯೂಟರ್ ಪರದೆಯನ್ನು ದಿನವಿಡೀ ಹುಬ್ಬು ಗಂಟಿಕ್ಕಿ ನೋಡುತ್ತಿದ್ದೀರೇನೋ.

ಪ್ರಶ್ನೆ: ಹುಣಸೂರು ಕಡೆಯ ಆದಿವಾಸಿ ಹೇರ್ ಆಯಿಲ್ ಹಚ್ಚಿದರೆ ಬೋಳು ತಲೆಯಲ್ಲಿ ಕೂದಲು ಬರುತ್ತದಾ? ವಿಡಿಯೋದಲ್ಲಿ ಎಲ್ಲರಿಗೂ ಮೊಳಕಾಲುದ್ದ ಜಡೆ ಇದೆ.

ಉತ್ತರ: ಈ ಎಣ್ಣೆ ಮಾರುವ ಹಕ್ಕಿಪಿಕ್ಕಿ ಜನರ ವ್ಯಾಪಾರ ಚೆನ್ನಾಗಿ ನಡೆಯಲಿ. ಅಲೆದು ಬದುಕಿದ ಸಮುದಾಯ, ನಾಲ್ಕು ಕಾಸು ಕಂಡರೆ ನನಗೂ ಸಂತೋಷ. ಎಣ್ಣೆ ಹಚ್ಚಿದರೆ ಕೂದಲು ಜಾರುತ್ತದೆ, ಸಿಕ್ಕಾಗುವುದಿಲ್ಲ, ತುಂಡಾಗುವುದು ಕಡಿಮೆ. ಬೋಳಾದ ಜಾಗದಲ್ಲಿ ಹೊಸ ಕೂದಲು ಹುಟ್ಟಿಸುವ ಗಟ್ಟಿ ಪುರಾವೆ ಯಾವ ಎಣ್ಣೆಗೂ ಇಲ್ಲ, ಇದಕ್ಕೂ ಇಲ್ಲ. ಮಾರುವವರ ಜಡೆ ಅವರ ವಂಶದ್ದು. ನಕಲಿ ಬಾಟಲಿಗಳೂ ಮಾರುಕಟ್ಟೆಗೆ ಬಂದಿವೆ. ತಲೆಹೊಟ್ಟು ಇದ್ದವರು ರಾತ್ರಿಯಿಡೀ ಎಣ್ಣೆ ಬಿಟ್ಟುಕೊಂಡರೆ ಹೊಟ್ಟು ಜಾಸ್ತಿಯಾಗುತ್ತದೆ.

ಪ್ರಶ್ನೆ: ಪಿಸಿಓಡಿ ಇದೆ, ಗಲ್ಲದ ಮೇಲೆ ಗಡ್ಡದ ಹಾಗೆ ಕೂದಲು. ಲೇಸರ್ ಮಾಡಿಸಬೇಕು. ಗರ್ಭಕೋಶಕ್ಕೆ ತೊಂದರೆಯಾಗುತ್ತದೆ, ಮುಂದೆ ಮಕ್ಕಳಾಗಲ್ಲ ಅಂತ ಅಮ್ಮ ಬಿಡುತ್ತಿಲ್ಲ.
— 23 ವರ್ಷ, ಉಡುಪಿ

ಉತ್ತರ: ಅಮ್ಮನಿಗೆ ಇದನ್ನು ಓದಿಸಿ. ಲೇಸರ್ ಬೆಳಕು ಚರ್ಮದೊಳಗೆ ಇಳಿಯುವುದೇ ಕೆಲವು ಮಿಲಿಮೀಟರ್. ಗಲ್ಲಕ್ಕೆ ಹೊಡೆದ ಬೆಳಕು ಗರ್ಭಕೋಶಕ್ಕೆ ಹೋಗುವ ದಾರಿಯೇ ಇಲ್ಲ. ಎಕ್ಸ್‌ರೇ ಥರದ ವಿಕಿರಣವೂ ಅಲ್ಲ.

ನೀವು ಗಮನ ಕೊಡಬೇಕಾದ್ದು ಬೇರೆ. ಕೂದಲಿನ ಕಪ್ಪು ಬಣ್ಣವೇ ಬೆಳಕನ್ನು ಹೀರಿ ಬುಡವನ್ನು ಸುಡುವುದು. ಬಿಳಿ ಕೂದಲಿಗೆ ಕೆಲಸ ಮಾಡುವುದಿಲ್ಲ. ಚರ್ಮವೂ ಕಂದಾಗಿದ್ದರೆ ಅದೂ ಬೆಳಕು ಹೀರುತ್ತದೆ, ಅದಕ್ಕೇ ನಮ್ಮವರಿಗೆ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಅಥವಾ ಡಯೋಡ್ ಲೇಸರ್ ಸರಿ. ತಿಂಗಳಿಗೊಂದರಂತೆ ಆರರಿಂದ ಎಂಟು ಸಲ ಬೇಕಾಗುತ್ತದೆ. ನಡುವೆ ವ್ಯಾಕ್ಸಿಂಗ್, ಥ್ರೆಡ್ಡಿಂಗ್ ಮಾಡಿಸಬೇಡಿ. ಕೂದಲು ಬುಡದಿಂದ ಕಿತ್ತರೆ ಬೆಳಕಿಗೆ ಹಿಡಿಯಲು ಏನೂ ಇರುವುದಿಲ್ಲ. ಶೇವ್ ಮಾಡಬಹುದು, ಶೇವ್ ಮಾಡಿದರೆ ದಪ್ಪ ಬರುತ್ತದೆ ಅನ್ನುವುದು ಸುಳ್ಳು.

ಪಿಸಿಓಡಿ ಹತೋಟಿಯಲ್ಲಿ ಇಲ್ಲದಿದ್ದರೆ ಹಾರ್ಮೋನು ಹೊಸ ಕೂದಲನ್ನು ಎಬ್ಬಿಸುತ್ತಲೇ ಇರುತ್ತದೆ, ನೀವು ದುಡ್ಡು ಕಟ್ಟುತ್ತಲೇ ಇರುತ್ತೀರಿ. ಆ ಚಿಕಿತ್ಸೆ ಮೊದಲು ಅಥವಾ ಜೊತೆಗೆ. ಮುಖಕ್ಕೆ ಮಾಡಿಸಿದ ಕೆಲವರಿಗೆ ಸುತ್ತಲಿನ ನುಣುಪು ರೋಮವೇ ದಪ್ಪವಾಗುವುದೂ ಉಂಟು, ಹಾಗೆ ಕಂಡರೆ ತಕ್ಷಣ ಹೇಳಿ. ಇಂಟರ್‌ನೆಟ್ಟಿನಲ್ಲಿ ಸಿಗುವ ಮನೆಯ ಐಪಿಎಲ್ ಯಂತ್ರ (ಜೋರು ಬೆಳಕಿನಿಂದ ಕೂದಲು ತೆಗೆಯುವಂಥದ್ದು) ಕಪ್ಪು ಚರ್ಮಕ್ಕೆ ಬೊಬ್ಬೆ ಎಬ್ಬಿಸಬಲ್ಲದು, ಡಬ್ಬಿಯ ಮೇಲಿನ ಬಣ್ಣದ ಪಟ್ಟಿ ನೋಡದೆ ತರಬೇಡಿ.

ಪ್ರಶ್ನೆ: ನಮ್ಮ ಪಾರ್ಲರ್‌ನಲ್ಲಿ ವ್ಯಾಂಪೈರ್ ಫೇಶಿಯಲ್ ಶುರುಮಾಡಿದ್ದಾರೆ, ಕ್ಲಿನಿಕ್‌ನ ಅರ್ಧ ರೇಟು. ಮಾಡಿಸಲಾ?

ಉತ್ತರ: ವ್ಯಾಂಪೈರ್ ಫೇಶಿಯಲ್ ಅಂದರೆ ನಿಮ್ಮದೇ ರಕ್ತದ ಅಂಶವನ್ನು ಮುಖಕ್ಕೆ ಸೂಜಿಯಿಂದ ಇಳಿಸುವುದು. ರಕ್ತ ತೆಗೆಯುವ, ಸೂಜಿ ಚುಚ್ಚುವ ಕೆಲಸ ಪಾರ್ಲರ್‌ನಲ್ಲಿ ಯಾವತ್ತೂ ಬೇಡ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಒಂದು ಸ್ಪಾದಲ್ಲಿ ಇದೇ ಫೇಶಿಯಲ್ ಮಾಡಿಸಿಕೊಂಡ ಕೆಲವು ಹೆಂಗಸರಿಗೆ ಎಚ್‌ಐವಿ ತಗುಲಿತು. ಅದನ್ನು 2018ರಲ್ಲಿ ಮುಚ್ಚಿಸಿದರು, ತನಿಖೆಯ ವಿವರ 2024ರಲ್ಲಿ ಹೊರಬಂತು. ಹೆಸರಿನ ಚೀಟಿ ಇಲ್ಲದ ರಕ್ತದ ಟ್ಯೂಬುಗಳು ಅಡುಗೆಮನೆಯಲ್ಲಿ ಊಟದ ಪಕ್ಕ ಇದ್ದವಂತೆ. ಐಬ್ರೋಗೆ ಪಾರ್ಲರ್‌ಗೆ ಹೋಗಿ.

ಪ್ರಶ್ನೆ: ಬೋರ್ಡಿನಲ್ಲಿ ಎಲ್ಲರೂ ಸ್ಕಿನ್ ಸ್ಪೆಷಲಿಸ್ಟ್ ಅಂತಲೇ ಹಾಕಿಕೊಂಡಿರುತ್ತಾರೆ. ನಿಜವಾದ ಚರ್ಮ ವೈದ್ಯರು ಯಾರು ಅಂತ ಕಂಡುಹಿಡಿಯುವುದು ಹೇಗೆ? ಇನ್ನೊಂದು, ನಾನು ಈಗಾಗಲೇ ಒಂದು ಕಡೆ ಮುಂಗಡ 40 ಸಾವಿರ ಕಟ್ಟಿ ಒಂದೇ ಸಿಟ್ಟಿಂಗ್ ಆಗಿದೆ. ವಾಪಸ್ ಕೊಡಲ್ಲ ಅಂತಿದ್ದಾರೆ.
— ಕೆ.ಎನ್., ತುಮಕೂರು

ಉತ್ತರ: ಎಂಬಿಬಿಎಸ್ ಆದ ಮೇಲೆ ಚರ್ಮರೋಗದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಇರಬೇಕು. ಕೆಲವು ವಾರದ ಕಾಸ್ಮೆಟಾಲಜಿ ಕೋರ್ಸ್ ಸರ್ಟಿಫಿಕೇಟ್ ಗೋಡೆ ಮೇಲೆ ಎಷ್ಟೇ ದೊಡ್ಡ ಫ್ರೇಮಿನಲ್ಲಿದ್ದರೂ ಅದಕ್ಕೆ ಸಮವಲ್ಲ. ಚೀಟಿಯ ಮೇಲೆ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರುತ್ತದೆ. ಕ್ಲಿನಿಕ್‌ಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಇರಬೇಕು, ಆ ಪ್ರಮಾಣಪತ್ರ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ವೈದ್ಯರು ಯಾರು ಅನ್ನುವುದಲ್ಲದೆ ಚುಚ್ಚುವವರು ಯಾರು ಅಂತಲೂ ಕೇಳಿ. ಎಷ್ಟೋ ಕಡೆ ಬೋರ್ಡಿನಲ್ಲಿ ಒಬ್ಬರ ಹೆಸರು, ಒಳಗೆ ಕೈ ಇನ್ನೊಬ್ಬರದು. ವಯಲ್ (ಔಷಧಿಯ ಸೀಸೆ), ಸಿರಿಂಜ್ ನಿಮ್ಮ ಎದುರಿಗೇ ಒಡೆಯಲಿ, ಲೇಬಲ್‌ನ ಫೋಟೋ ತೆಗೆದುಕೊಳ್ಳಿ. ಒಳ್ಳೆಯ ವೈದ್ಯರು ಬೇಜಾರು ಮಾಡಿಕೊಳ್ಳುವುದಿಲ್ಲ.

ಮುಂಗಡದ ವಿಷಯ: ಬಾಯಿ ಮಾತಿನ ಜಗಳ ನಿಲ್ಲಿಸಿ ಬರವಣಿಗೆಯಲ್ಲಿ ಕೇಳಿ. ಮಾಡಿಸಿದ ಒಂದು ಸಿಟ್ಟಿಂಗ್‌ನ ದುಡ್ಡು ಕಳೆದು ಉಳಿದದ್ದು ಇಂಥ ದಿನದೊಳಗೆ ಕೊಡಿ ಅಂತ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ. ರಸೀದಿ, ವಾಟ್ಸ್‌ಆ್ಯಪ್ ಮೆಸೇಜು, ಸಹಿ ಹಾಕಿದ ಫಾರಂ ಎಲ್ಲ ಒಂದು ಫೈಲಿಗೆ ಹಾಕಿ. ದುಡ್ಡು ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕರ ಕಾನೂನಿಗೆ ಒಳಪಡುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ವಕೀಲರಿಲ್ಲದೆ ನೀವೇ ಅರ್ಜಿ ಕೊಡಬಹುದು. ಇಎಂಐ ಮೇಲೆ ಕಟ್ಟಿದ್ದರೆ ಕಂತು ಸುಮ್ನೆ ನಿಲ್ಲಿಸಬೇಡಿ, ಸಿಬಿಲ್ ಸ್ಕೋರ್ ಹಾಳಾಗುತ್ತದೆ. ಕ್ಲಿನಿಕ್‌ಗೆ ಬರೆದ ಪತ್ರದ ಪ್ರತಿಯೊಂದನ್ನು ಸಾಲ ಕೊಟ್ಟ ಕಂಪನಿಗೂ ಕಳಿಸಿ.